ಒಂದು ಶಾಸನಚಿತ್ರ ತಿದ್ದಿದರೆ ನೂರು ತಿದ್ದಿದಂತೆ

ಶಿಕಾರಿಪುರ, ಸೊರಬ ಸೀಮೆಯಲ್ಲಿ ವೀರಗಲ್ಲು, ಮಾಸ್ತಿಗಲ್ಲು, ಶಾಸನಗಳಿಗೆ ಬರವಿಲ್ಲ. ಶಾಸನತಜ್ಞ ಬಿ.ಎಲ್. ರೈಸ್ 1902 ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಏಳು, ಎಂಟನೇ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳಿವೆ. ಇಂಥ ಕಲ್ಲುಗಳನ್ನು ಹುಡುಕಿಕೊಂಡು ಸೊರಬದ ಕ್ಯಾಸನೂರು ಕಡೆ ಒಂದು ದಿನ ಸುತ್ತಿದರೂ ಸಾಕು, ಕ್ಯಾಮೆರಾದ ಕಾರ್ಡ್ ತುಂಬುತ್ತದೆ. ತಾಪತ್ರಯ ಶುರುವಾಗುವುದು ಮನೆಗೆ ಬಂದ ಮೇಲೆ. ಒಂದೊಂದೇ ಚಿತ್ರ ತೆರೆದು, ಬಣ್ಣ ಸರಿಪಡಿಸಿ, ತಿರುಗಿಸಿ, ಹೆಸರಿಡುವಷ್ಟರಲ್ಲಿ ಬೇಸರ ಬಂದು ಅರ್ಧ ಕೆಲಸ ಹಾಗೇ ಉಳಿಯುತ್ತದೆ.

ಇದಕ್ಕೆ ಪರಿಹಾರ, ಒಂದು ಚಿತ್ರದ ತಿದ್ದುಪಡಿಯನ್ನು ಉಳಿದವಕ್ಕೂ ಒಮ್ಮೆಗೇ ಹಾಕುವ ಸಾಮೂಹಿಕ ತಿದ್ದುಪಡಿ. ಅದಕ್ಕೆ ತಯಾರಿ ಕಲ್ಲಿನ ಮುಂದೆಯೇ ಆಗಬೇಕು. ಮರದಡಿಯ ಕಲ್ಲಿನ ಮೇಲೆ ಎಲೆಗಳ ನಡುವಿನಿಂದ ಸೋಸಿ ಬಂದ ಬೆಳಕು ಬಿದ್ದರೆ ಚಿತ್ರಕ್ಕೆ ಹಸಿರು ಛಾಯೆ ಅಂಟಿಕೊಳ್ಳುತ್ತದೆ. ವೈಟ್ ಬ್ಯಾಲೆನ್ಸ್ ‘ಆಟೋ’ದಲ್ಲಿದ್ದರೆ ಆ ಛಾಯೆ ಒಂದೊಂದು ಚಿತ್ರದಲ್ಲಿ ಒಂದೊಂದು ಥರ, ಒಂದೇ ತಿದ್ದುಪಡಿ ಎಲ್ಲಕ್ಕೂ ಹೊಂದುವುದಿಲ್ಲ. ಆದ್ದರಿಂದ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಷರ್ ಎರಡನ್ನೂ ಬದಲಾಗದಂತೆ ಇಟ್ಟು, ಪ್ರತಿ ಕಲ್ಲಿನ ಮೊದಲ ಚಿತ್ರದಲ್ಲಿ ಬಣ್ಣ ಹೊಂದಿಸಲು ಬೂದು ಕಾರ್ಡ್, ಗಾತ್ರ ತಿಳಿಯಲು ಅಳತೆಪಟ್ಟಿ ಸೇರಿಸಿಕೊಳ್ಳಬೇಕು. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ ತಿಕ್ಕುವುದು ಕಲ್ಲಿಗೆ ದ್ರೋಹ. ಪಕ್ಕದಿಂದ ಓರೆಯಾಗಿ ಟಾರ್ಚ್ ಹಿಡಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ.

ಇನ್ನೊಂದು ಎಚ್ಚರಿಕೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಕ್ಯಾಸನೂರು ಕಾಡಿನಲ್ಲಿ. ಕಲ್ಲಿನ ಮೇಲಿನ ಪಾಚಿ ಒಣಗಿ ಚಿತ್ರ ತೆಗೆಯಲು ಅನುಕೂಲವಾಗುವ ಬೇಸಿಗೆಯೇ ಈ ಕಾಯಿಲೆ ಹರಡುವ ಉಣುಗಿನ ಕಾಟದ ಕಾಲವೂ ಹೌದು. ಮೈ ತುಂಬ ಬಟ್ಟೆ ತೊಟ್ಟು, ಉಣುಗು ಹತ್ತದಂತೆ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಇಳಿಯಬೇಕು.

ಮನೆಯ ಕೆಲಸಕ್ಕೆ ‘ಡಾರ್ಕ್‌ಟೇಬಲ್’ ಎಂಬ ಉಚಿತ ತಂತ್ರಾಂಶ ಧಾರಾಳವಾಗಿ ಸಾಕು. ಅದು ಮೂಲ ಚಿತ್ರವನ್ನು ಮುಟ್ಟುವುದಿಲ್ಲ. ತಿದ್ದುಪಡಿಗಳನ್ನು ಪಕ್ಕದ ಪುಟ್ಟ ಕಡತವೊಂದರಲ್ಲಿ ಬರೆದಿಡುತ್ತದೆ. ಮೊದಲು ಚಿತ್ರಗಳ ಫೋಲ್ಡರ್ ಸೇರಿಸಿ, ಬೂದು ಕಾರ್ಡ್ ಇರುವ ಚಿತ್ರವನ್ನು ‘ಡಾರ್ಕ್‌ರೂಮ್’ನಲ್ಲಿ ತೆರೆಯಿರಿ. ಕಾರ್ಡ್ ಇರುವ ಜಾಗವನ್ನೇ ಆರಿಸಿ ಬಣ್ಣ ಸರಿಪಡಿಸಿ, ಬೆಳಕು ಮತ್ತು ಕಾಂಟ್ರಾಸ್ಟ್ ಹೊಂದಿಸಿ. ಆಮೇಲೆ ‘ಲೈಟ್‌ಟೇಬಲ್’ಗೆ ಮರಳಿ ಆ ಚಿತ್ರದ ‘ಹಿಸ್ಟರಿ’, ಅಂದರೆ ತಿದ್ದುಪಡಿಗಳ ಪಟ್ಟಿಯನ್ನು ಕಾಪಿ ಮಾಡಿ, ಅದೇ ಕಲ್ಲಿನ ಉಳಿದ ಚಿತ್ರಗಳನ್ನೆಲ್ಲ ಆಯ್ದು ಪೇಸ್ಟ್ ಮಾಡಿದರೆ ಎಲ್ಲವೂ ಒಮ್ಮೆಗೇ ಬದಲಾಗುತ್ತವೆ. ಇದನ್ನೇ ‘ಸ್ಟೈಲ್’ ಆಗಿ ಉಳಿಸಿಕೊಂಡರೆ ಮುಂದಿನ ಸಲಕ್ಕೂ ಒದಗುತ್ತದೆ.

ಹೀಗೆ ಒಟ್ಟಿಗೆ ತಿದ್ದುವುದರ ಲಾಭ ತಿಳಿಯಲು ತಾಳಗುಂದದ ಸ್ತಂಭಶಾಸನ ನೋಡಬೇಕು. ಶಿಕಾರಿಪುರ ತಾಲ್ಲೂಕಿನ ಪ್ರಣವೇಶ್ವರ ಗುಡಿಯ ಮುಂದಿರುವ, ಕದಂಬ ಶಾಂತಿವರ್ಮನ ಕಾಲದ ಈ ಕಂಬಕ್ಕೆ ಎಂಟು ಮುಖ. ಸಾಲುಗಳು ಬುಡದಿಂದ ಮೇಲಕ್ಕೆ ಹತ್ತುತ್ತವೆ. ಓದಬೇಕೆಂದರೆ ಪ್ರತಿ ಚಿತ್ರವನ್ನೂ 90 ಡಿಗ್ರಿ ಬಲಕ್ಕೆ ತಿರುಗಿಸಬೇಕು. ಎಂಟೂ ಮುಖಗಳ ಚಿತ್ರಗಳನ್ನು ಒಟ್ಟಿಗೆ ಆಯ್ದು ತಿರುಗಿಸುವ ಗುಂಡಿ ಒತ್ತಿದರೆ ಮುಗಿಯಿತು.

ಕ್ರಾಪ್ ಮಾತ್ರ ಸಾಮೂಹಿಕವಾಗಿ ಬೇಡ. ಒಂದು ಚಿತ್ರದಲ್ಲಿ ಕಲ್ಲು ಎಡಕ್ಕಿದ್ದರೆ ಇನ್ನೊಂದರಲ್ಲಿ ಬಲಕ್ಕಿರುತ್ತದೆ. ಎಲ್ಲಕ್ಕೂ ಒಂದೇ ಚೌಕಟ್ಟು ಹಾಕಿದರೆ ಅಂಚಿನ ಅಕ್ಷರಗಳೇ ಹಾರಿಹೋಗುತ್ತವೆ. ‘ಶಾರ್ಪನ್’ ಕೂಡ ಹಿತಮಿತವಾಗಿರಲಿ. ಅತಿಯಾದರೆ ಕಲ್ಲಿನ ಬಿರುಕು ಅಕ್ಷರದ ಗೆರೆಯಂತೆ ಕಂಡು, ಓದುವವರು ಇಲ್ಲದ ಒತ್ತಕ್ಷರವನ್ನು ಓದಿಕೊಂಡಾರು.

ಕೊನೆಗೆ ‘ಎಕ್ಸ್‌ಪೋರ್ಟ್’ನಲ್ಲಿ ಬೇರೆ ಫೋಲ್ಡರ್ ತೋರಿಸಿ, ಊರು, ದಿನಾಂಕ, ಸರಣಿ ಸಂಖ್ಯೆ ಬರುವಂತೆ ಹೆಸರಿನ ಮಾದರಿ ಕೊಟ್ಟರೆ ಕಂಪ್ಯೂಟರ್ ತಾನೇ ಹೆಸರಿಡುತ್ತ ಹೋಗುತ್ತದೆ. ಬೆಳಕು ಬೇರೆಬೇರೆಯಾಗಿರುವ ಬಯಲಿನ ಕಲ್ಲು, ಗುಡಿಯೊಳಗಿನ ಕಲ್ಲು, ಮರದಡಿಯ ಕಲ್ಲುಗಳ ಚಿತ್ರಗಳನ್ನು ಮಾತ್ರ ಬೇರೆಬೇರೆ ಗುಂಪು ಮಾಡಿ, ಒಂದೊಂದಕ್ಕೂ ಅದರದೇ ಬೂದು ಕಾರ್ಡಿನ ಲೆಕ್ಕ ಹಿಡಿಯಿರಿ.