ಹಳ್ಳದ ನೀರಿನ ಲೆಕ್ಕ: ತಾಳೆ ನೋಡಿ ನಂಬಿ

ಜಲಾನಯನ ಪ್ರದೇಶದಲ್ಲಿ ಬಿದ್ದ ಮಳೆಯಲ್ಲಿ ಎಷ್ಟು ಭಾಗ ಹಳ್ಳ ಸೇರುತ್ತದೆ ಎಂಬುದನ್ನು ಈಗ ಕಂಪ್ಯೂಟರ್ ಮಾದರಿಗಳು ಲೆಕ್ಕ ಹಾಕುತ್ತವೆ. ಕೃಷಿ ಹೊಂಡದ ಗಾತ್ರ, ಒಡ್ಡಿನ ಕೋಡಿಯ ಅಗಲ ಈ ಲೆಕ್ಕವನ್ನು ಅವಲಂಬಿಸಿವೆ. ಲೆಕ್ಕ ಕಡಿಮೆಯಾದರೆ ಒಡ್ಡು ಒಡೆಯಬಹುದು. ಹೆಚ್ಚಾದರೆ ಹೊಂಡ ತುಂಬದೆ ಹಣ ವ್ಯರ್ಥವಾಗುತ್ತದೆ.

ಇಂಥ ಹಲವು ಮಾದರಿಗಳು ಕರ್ವ್ ನಂಬರ್ ವಿಧಾನವನ್ನು ಬಳಸುತ್ತವೆ. ಮಣ್ಣು, ಬೆಳೆ ಹಾಗೂ ಬದುಗಳಿಗೆ ತಕ್ಕಂತೆ ಜಮೀನಿಗೆ ಒಂದು ಸಂಖ್ಯೆ ಕೊಡಲಾಗುತ್ತದೆ. 10 ಹೆಕ್ಟೇರಿನಲ್ಲಿ ಒಂದೇ ದಿನ 60 ಮಿ.ಮೀ. ಮಳೆಯಾಯಿತೆನ್ನೋಣ. ಸಂಖ್ಯೆ 80 ಇದ್ದರೆ ಸುಮಾರು 2,020 ಘನ ಮೀಟರ್, 75 ಇದ್ದರೆ ಸುಮಾರು 1,450 ಘನ ಮೀಟರ್ ನೀರು ಹರಿಯುತ್ತದೆಂದು ಲೆಕ್ಕ ಬರುತ್ತದೆ. ಸಂಖ್ಯೆಯಲ್ಲಿ ಐದರ ವ್ಯತ್ಯಾಸ, ನೀರಿನಲ್ಲಿ ಕಾಲು ಭಾಗಕ್ಕೂ ಮಿಗಿಲು!

ಆದ್ದರಿಂದ ಬಿತ್ತನೆಗೆ ಮುನ್ನ ಬಿತ್ತನೆ ಯಂತ್ರವನ್ನು ಬೀಜದ ಪ್ರಮಾಣಕ್ಕೆ ಹೊಂದಿಸುವಂತೆ, ಮಾದರಿಯನ್ನೂ ಸ್ಥಳಕ್ಕೆ ಹೊಂದಿಸಬೇಕು. ಅದರ ಕ್ರಮ ಹೀಗಿದೆ:

1. ಮಳೆಯನ್ನೂ ಹಳ್ಳದ ಹರಿವನ್ನೂ ಹಲವು ವರ್ಷ ಅಳೆಯಬೇಕು. ಇದರಲ್ಲಿ ಬರದ ವರ್ಷವೂ ಒಳ್ಳೆಯ ಮಳೆಯ ವರ್ಷವೂ ಇರಬೇಕು.

2. ಕೆಲವು ವರ್ಷಗಳ ಅಳತೆಗೆ ಲೆಕ್ಕ ಸರಿಹೊಂದುವವರೆಗೆ ಸಂಖ್ಯೆಗಳನ್ನು ತಿದ್ದಬೇಕು.

3. ಉಳಿದ ವರ್ಷಗಳ ಅಳತೆಯೊಡನೆ, ಏನನ್ನೂ ತಿದ್ದದೆ, ತಾಳೆ ನೋಡಬೇಕು. ನಿಜವಾದ ಪರೀಕ್ಷೆ ಇದೇ.

4. ವರ್ಷದ ಒಟ್ಟು ನೀರು ಸರಿ ಬಂದರೆ ಸಾಲದು. ಕೋಡಿಗೆ ಬೇಕಾದದ್ದು ಬಿರುಮಳೆಯ ದಿನದ ಹರಿವು; ಅದನ್ನೂ ಬೇರೆಯಾಗಿ ತಾಳೆ ನೋಡಬೇಕು.

ನಿಮ್ಮ ಊರಿನಲ್ಲಿ ಮಳೆ ಮಾಪಕವಿದ್ದರೆ ದಿನವೂ ಬೆಳಗ್ಗೆ 8.30ಕ್ಕೆ ಅಳತೆ ಬರೆದಿಡಿ. ತಪ್ಪಿದ ದಿನ ಅಂದಾಜು ಬರೆಯದೆ ಖಾಲಿ ಬಿಡಿ. ಸುಳ್ಳು ಅಳತೆಗೆ ಹೊಂದಿಸಿದ ಮಾದರಿ ಸುಳ್ಳನ್ನೇ ಹೇಳುತ್ತದೆ.