ಪದವಿಯ ಹೊಸ್ತಿಲಲ್ಲಿ

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಒರಟು ಕಲ್ಲಿನ ಗೋಡೆಗಳ ನಡುವೆ ನೆಲೆಸಿರುವ ಐಐಎಂನಲ್ಲಿ ಎಂಬಿಎ ವ್ಯಾಸಂಗ ಮಾಡಬೇಕೆಂಬ ಅಭಿಲಾಷೆಯನ್ನು ಪಿಯುಸಿ ಮುಗಿಯುವ ಮುನ್ನವೇ ಮನಸ್ಸಿನಲ್ಲಿ ಹೊತ್ತು, ಅದಕ್ಕೆ ತಕ್ಕ ಪದವಿ ಕಾಲೇಜು ಯಾವುದೆಂದು ಅರಸುತ್ತಿರುವ ತರುಣ ವಾಚಕರಿಗೆ ನಾನು ಮೊದಲು ಹೇಳಬೇಕಾದುದು ಇಷ್ಟೆ: ಬಿಬಿಎ ಎಂಬ ಹೆಸರಿಗೆ ಮರುಳಾಗಬೇಡಿರಿ. ಐಐಎಂ ಪ್ರವೇಶಕ್ಕೆ ಬರೆಯಬೇಕಾದ ಕ್ಯಾಟ್ ಪರೀಕ್ಷೆಗೆ ಯಾವ ವಿಷಯದ ಪದವಿಯಾದರೂ ಸಲ್ಲುವುದು. ಸಾಮಾನ್ಯವಾಗಿ ಶೇಕಡ 50ರಷ್ಟು ಅಂಕಗಳಿದ್ದರೆ ಅರ್ಹತೆ ದೊರೆಯುವುದು. ಆದರೆ ಅರ್ಹತೆಯೇ ಬೇರೆ, ಆಯ್ಕೆಯೇ ಬೇರೆ. ಸಂದರ್ಶನಕ್ಕೆ ಕರೆಯುವಾಗ ಹತ್ತನೆಯ ಹಾಗೂ ಹನ್ನೆರಡನೆಯ ತರಗತಿಗಳ ಅಂಕಗಳೊಡನೆ ಪದವಿಯ ಅಂಕಗಳನ್ನೂ ದುಡಿಮೆಯ ಅನುಭವವನ್ನೂ ತೂಗಿ ನೋಡುವ ಪದ್ಧತಿ ಆ ಸಂಸ್ಥೆಯಲ್ಲಿರುವುದರಿಂದ, ಗಣಿತದಲ್ಲಿ ಆಸಕ್ತಿಯುಳ್ಳವನು ಗಣಿತವನ್ನೂ ಇತಿಹಾಸದಲ್ಲಿ ಅಭಿರುಚಿಯುಳ್ಳವಳು ಇತಿಹಾಸವನ್ನೂ ಮನಸಾರೆ ಓದಿ ಉತ್ತಮ ಅಂಕ ಗಳಿಸುವುದು, ಒಲ್ಲದ ಎಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ಏಗುವುದಕ್ಕಿಂತ ಎಷ್ಟೋ ಮೇಲು. ಐಐಎಂನಲ್ಲಿ ಎಂಜಿನಿಯರುಗಳೇ ತುಂಬಿರುವರೆಂಬ ನೆರೆಮನೆಯವರ ಮಾತು ಸುಳ್ಳಲ್ಲ. ಅರ್ಜಿ ಹಾಕುವವರಲ್ಲಿಯೂ ಎಂಜಿನಿಯರುಗಳದೇ ಜನಜಂಗುಳಿಯೆಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಕಾಲೇಜನ್ನು ನೋಡಹೋದಾಗ ಕಟ್ಟಡದ ಥಳಕಿಗೆ ಬೆರಗಾಗದೆ, ಗ್ರಂಥಾಲಯವು ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುವುದೆಂದೂ, ಅಧ್ಯಾಪಕರು ವಿದ್ಯಾರ್ಥಿಗಳ ಬರವಣಿಗೆಯನ್ನು ಓದಿ ತಿದ್ದುವರೋ ಇಲ್ಲವೋ ಎಂದೂ ವಿಚಾರಿಸಿರಿ. ಕ್ಯಾಟ್‌ನ ಮೂರು ವಿಭಾಗಗಳಲ್ಲೊಂದು ಇಂಗ್ಲಿಷ್ ಗದ್ಯವನ್ನು ಓದಿ ಗ್ರಹಿಸುವ ಶಕ್ತಿಯನ್ನು ಅಳೆಯುವುದು, ಮತ್ತು ಆ ಅಭ್ಯಾಸ ಕೊನೆಯ ಆರು ತಿಂಗಳ ಕೋಚಿಂಗಿನಲ್ಲಿ ಕೈಗೂಡುವಂಥದಲ್ಲ.