ಗಿಳಿ ಒಳಗೆ ಬೇಡ, ಮೀನು ಹೊರಗೆ ಬೇಡ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಂದ ನಾವು ಪಂಜರದ ಗಿಳಿ, ಗಾಜಿನ ತೊಟ್ಟಿಯ ಮೀನು ನೋಡಿಯೇ ಬೆಳೆದವರು. ಈ ಹವ್ಯಾಸ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೀನಿಗೆ ಏನು ಮೇವು ಹಾಕಬೇಕು ಅನ್ನೋದೂ ಇದೆ.

ಗಾಜಿನ ತೊಟ್ಟಿ ಬಂದದ್ದು ಬಹಳ ತಡವಾಗಿ. ಲಂಡನ್ ಮೃಗಾಲಯ 1853ರಲ್ಲಿ ಮೀನುಮನೆ ತೆರೆದ ಮೇಲೆ ಅದು ಮನೆಮನೆಯ ಶೋಕಿಯಾಯಿತು. ಗೋಲ್ಡ್‌ಫಿಶ್ ಮೂಲತಃ ಚೀನಾದ್ದು. ನಮ್ಮಲ್ಲಿ 'ಲವ್ ಬರ್ಡ್ಸ್' ಅಂತ ಮಾರೋದು ಹೆಚ್ಚಾಗಿ ಆಸ್ಟ್ರೇಲಿಯಾದ ಬಜರಿಗಾರ್. 1840ರಲ್ಲಿ ಜಾನ್ ಗೌಲ್ಡ್ ಅದನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ.

ತೊಟ್ಟಿಯೂ ಒಂದು ಸಿಸ್ಟಮ್ಮೇ. ಮೀನಿನ ಕಸದಿಂದ ಅಮೋನಿಯಾ ಹುಟ್ಟುತ್ತೆ. ಫಿಲ್ಟರಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹಾಗಾಗಿ ನೀರನ್ನು ಒಮ್ಮೆಲೇ ಪೂರ್ತಿ ಬದಲಿಸದೆ, ಸ್ವಲ್ಪ ಸ್ವಲ್ಪವೇ ಬದಲಿಸಬೇಕು.

ಎರಡು ಮಾತು ಮರೆಯಬಾರದು. ನಮ್ಮ ಹೊಲದ ಹಸಿರು ಗಿಳಿಯನ್ನು ಹಿಡಿಯೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಇನ್ನೊಂದು, ಸಾಕಿ ಬೇಸರವಾದ ಮೀನನ್ನು 'ಪಾಪ, ಬದುಕಿಕೊಳ್ಳಲಿ' ಅಂತ ಸೂಳೆಕೆರೆಗೋ ತುಂಗಭದ್ರೆಗೋ ಬಿಡಬಾರದು. ತೊಟ್ಟಿಯ ಪಾಚಿ ತಿನ್ನಲೆಂದು ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಹೀಗೇ ದೇಶದ ಎಷ್ಟೋ ಕೆರೆ-ಹೊಳೆ ಸೇರಿ, ನಾಡಮೀನಿನ ಮೇವಿಗೆ ಪಾಲುದಾರನಾಗಿ, ಬೆಸ್ತರ ಬಲೆಯನ್ನೂ ಹರಿಯುತ್ತಿದೆ. ಬೇಡವಾದರೆ ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ಸಾಕುವ ಗೆಳೆಯರಿಗೆ ಕೊಡಿ.